ಮನೆಯ ಫೋಟೋಗಳಿಗೆ ಹೆಸರು ಬರೆದು, ಪ್ರಿಂಟ್ ಹಾಕಿಸಿ, ಉಳಿಸಿಕೊಳ್ಳುವುದು ಹೇಗೆ?

ಫೋಟೋ ಎರಡು ರೀತಿಯಲ್ಲಿ ಕಳೆದುಹೋಗುತ್ತದೆ. ಕಾಗದ ಹಾಳಾಗುವುದು ಒಂದು. ಕಾಗದ ಗಟ್ಟಿಯಾಗಿಯೇ ಇದ್ದು, ಅದರಲ್ಲಿರುವವರು ಯಾರು ಅಂತ ಹೇಳುವವರೇ ಇಲ್ಲದಾಗುವುದು ಇನ್ನೊಂದು. ಮೊದಲನೆಯದಕ್ಕೆ ಎಲ್ಲರೂ ಹೆದರುತ್ತಾರೆ. ನಿಜವಾಗಿ ಜಾಸ್ತಿ ಫೋಟೋಗಳು ಕಳೆದುಹೋಗುವುದು ಎರಡನೆಯ ರೀತಿಯಲ್ಲಿ. ಹಳೆಯ ಕಪ್ಪು-ಬಿಳುಪು ಪ್ರಿಂಟ್ ಒಣಗಿದ ಜಾಗದಲ್ಲಿದ್ದರೆ ನೂರು ವರ್ಷವಾದರೂ ಮುಖ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಆ ಮುಖದ ಹೆಸರು ಅಜ್ಜಿಯ ತಲೆಯಲ್ಲಿ ಮಾತ್ರ ಇದ್ದರೆ, ಅಜ್ಜಿ ಹೋದ ದಿನವೇ ಆ ಹೆಸರೂ ಹೋಗುತ್ತದೆ.

ಹಾಗಾಗಿ ನಾನು ಹೇಳುವ ಕ್ರಮ ಸ್ವಲ್ಪ ಬೇರೆ. ಸಾಮಾನ್ಯವಾಗಿ ಜನ ಮೊದಲು ಸ್ಕ್ಯಾನ್ ಮಾಡುತ್ತಾರೆ, ಆಮೇಲೆ ಆಲ್ಬಮ್ ಕೊಳ್ಳುತ್ತಾರೆ, ಹೆಸರು ಬರೆಯುವುದನ್ನು ಕೊನೆಗೆ ಬಿಡುತ್ತಾರೆ. ನೀವು ಮೊದಲು ಹೆಸರು ಹಿಡಿಯಿರಿ. ಸ್ಕ್ಯಾನ್ ಮುಂದಿನ ವರ್ಷ ಮಾಡಿದರೂ ನಡೆಯುತ್ತದೆ. ಹೆಸರು ಹೇಳುವವರು ಮುಂದಿನ ವರ್ಷ ಇರುತ್ತಾರೆ ಅಂತ ಭರವಸೆ ಇಲ್ಲ.

ಒಂದು: ಎಲ್ಲವನ್ನೂ ಒಂದು ಕಡೆ ತನ್ನಿ, ಆದರೆ ಕಲಸಬೇಡಿ

ಫೋಟೋಗಳು ಮನೆತುಂಬಾ ಚದುರಿರುತ್ತವೆ. ಬೀರುವಿನ ಲಾಕರ್, ಅಟ್ಟದ ಟ್ರಂಕು, ದೇವರ ಮನೆಯ ಗೂಡು, ಹಳೇ ಎಲ್‌ಐಸಿ ಬಾಂಡುಗಳ ಕವರು, ಪಂಚಾಂಗದ ಪುಟಗಳ ನಡುವೆ. ಅತ್ತೆ, ಚಿಕ್ಕಪ್ಪಂದಿರ ಮನೆಯಲ್ಲೂ ಕೇಳಿ. ಗೋಡೆಯ ಮೇಲಿನ ಹಳೇ ಫ್ರೇಮುಗಳನ್ನೂ ಲೆಕ್ಕಕ್ಕೆ ತಗೊಳ್ಳಿ. ಅವುಗಳ ಹಿಂದಿನ ರಟ್ಟು ಬಿಚ್ಚಿದಾಗ ಒಳಗೆ ಇನ್ನೊಂದು ಫೋಟೋ, ಇಲ್ಲವೇ ಯಾರೋ ಬರೆದಿಟ್ಟ ತಾರೀಖು ಸಿಗುವುದುಂಟು.

ಒಂದು ಕವರಿನಲ್ಲಿ ಒಟ್ಟಿಗೆ ಇದ್ದ ಫೋಟೋಗಳನ್ನು ಒಟ್ಟಿಗೇ ಇಡಿ. ಅವು ಒಂದೇ ರೋಲಿನವು, ಒಂದೇ ದಿನದವು ಇರಬಹುದು. ಒಂದರ ಗುರುತು ಸಿಕ್ಕರೆ ಉಳಿದ ಹತ್ತರ ಗುರುತೂ ಸಿಗುತ್ತದೆ. ಎಲ್ಲವನ್ನೂ ನೆಲಕ್ಕೆ ಸುರಿದು ‘ಮದುವೆ’, ‘ಪ್ರವಾಸ’ ಅಂತ ಗುಡ್ಡೆ ಮಾಡಿದರೆ ಈ ಸುಳಿವು ಹೋಗುತ್ತದೆ. ಕವರಿನ ಮೇಲೆ ಏನಾದರೂ ಬರೆದಿದ್ದರೆ ಅದನ್ನು ಎಸೆಯಬೇಡಿ. ನೆಗೆಟಿವ್‌ಗಳನ್ನಂತೂ ಎಸೆಯಲೇಬೇಡಿ. ಪ್ರಿಂಟ್ ಬಣ್ಣಗೆಟ್ಟಿದ್ದರೂ ನೆಗೆಟಿವ್‌ನಿಂದ ಹೊಸದು ತೆಗೆಸಬಹುದು.

ಪಾಲು ಪಟ್ಟಿ ಆಗುವ ಮನೆಗಳಿಗೆ ಒಂದು ಮಾತು. ಜಮೀನು, ಪಾತ್ರೆ, ಒಡವೆ ಎಲ್ಲದರ ಲೆಕ್ಕ ಆಗುತ್ತದೆ. ಫೋಟೋ ಯಾರಿಗೆ ಅಂತ ಯಾರೂ ಕೇಳುವುದಿಲ್ಲ. ಕೊನೆಗೆ ಒಬ್ಬರ ಮನೆಗೆ ಅರ್ಧ, ಇನ್ನೊಬ್ಬರ ಮನೆಗೆ ಅರ್ಧ ಹೋಗಿ, ಮಾತುಕತೆ ನಿಂತರೆ ಎರಡೂ ಕಡೆಯ ಮಕ್ಕಳಿಗೆ ಪೂರ್ತಿ ಚಿತ್ರ ಸಿಗುವುದಿಲ್ಲ. ಹಂಚುವ ಮೊದಲೇ ಎಲ್ಲವನ್ನೂ ಮೊಬೈಲಿನಲ್ಲಾದರೂ ತೆಗೆದಿಟ್ಟುಕೊಳ್ಳಿ.

ಎರಡು: ಮನೆಯ ಹಿರಿಯರ ಹತ್ತಿರ ಕೂರುವುದು

ಇಡೀ ಕೆಲಸದ ಜೀವ ಇದೇ. ಸ್ವಲ್ಪ ತಯಾರಿ ಬೇಕು.

ಒಂದು ಸಲಕ್ಕೆ ಹತ್ತು-ಹದಿನೈದು ಫೋಟೋ ಸಾಕು. ರಾಶಿ ಇಟ್ಟರೆ ಹಿರಿಯರಿಗೆ ಸುಸ್ತಾಗುತ್ತದೆ, ‘ಇದ್ಯಾರೋ, ನೆನಪಿಲ್ಲ’ ಅಂತ ದಾಟಿಸಿಬಿಡುತ್ತಾರೆ. ಬೆಳಗಿನ ಕಾಫಿ ಆದಮೇಲೆ, ಕಿಟಕಿಯ ಬೆಳಕಿನಲ್ಲಿ ಕೂತುಕೊಳ್ಳಿ. ಕಣ್ಣಿನ ಪೊರೆ ಇರುವವರಿಗೆ ಚಿಕ್ಕ ಪ್ರಿಂಟ್ ಕಾಣುವುದಿಲ್ಲ. ಅದನ್ನು ಮೊಬೈಲಿನಲ್ಲಿ ತೆಗೆದು ಟಿವಿಯಲ್ಲೋ ಟ್ಯಾಬ್‌ನಲ್ಲೋ ದೊಡ್ಡದು ಮಾಡಿ ತೋರಿಸಿ. ‘ನೆನಪಿಲ್ಲ’ ಅಂದವರು ಮುಖ ದೊಡ್ಡದಾಗಿ ಕಂಡ ಕೂಡಲೇ ಹೆಸರು ಹೇಳಿದ್ದನ್ನು ನಾನು ನೋಡಿದ್ದೇನೆ.

ಅವರ ಒಪ್ಪಿಗೆ ಕೇಳಿ, ಮೊಬೈಲಿನ ವಾಯ್ಸ್ ರೆಕಾರ್ಡರ್ ಆನ್ ಮಾಡಿಡಿ. ನೀವು ಬರೆದುಕೊಳ್ಳುತ್ತಾ ಕೂತರೆ ಅವರ ಮಾತಿನ ಓಟ ತಪ್ಪುತ್ತದೆ. ಪ್ರತಿ ಫೋಟೋಗೂ ಮೊದಲೇ ಒಂದು ನಂಬರ್ ಕೊಟ್ಟುಕೊಂಡಿರಿ, ಅದನ್ನು ಕೈಗೆ ತೆಗೆದುಕೊಂಡಾಗ ಆ ನಂಬರನ್ನು ಜೋರಾಗಿ ಹೇಳಿ. ಆಮೇಲೆ ಕೇಳಿ ಬರೆಯುವಾಗ ಯಾವ ಮಾತು ಯಾವ ಫೋಟೋಗೆ ಅಂತ ಗೊತ್ತಾಗುತ್ತದೆ. ಆ ಧ್ವನಿಯನ್ನೂ ಉಳಿಸಿಕೊಳ್ಳಿ, ಅಳಿಸಬೇಡಿ.

‘ಇವರು ಯಾರು?’ ಅಂತ ಮಾತ್ರ ಕೇಳಬೇಡಿ. ಈ ಮನೆ ಯಾರದು, ಈ ಸೀರೆ ಯಾವಾಗ ತಂದಿದ್ದು, ಫೋಟೋ ಹಿಡಿದವರು ಯಾರು, ಕ್ಯಾಮೆರಾ ಯಾರ ಹತ್ತಿರ ಇತ್ತು, ಆ ಹಸುವಿಗೆ ಏನು ಹೆಸರಿತ್ತು ಅಂತ ಕೇಳಿ. ಹೆಸರು ಮರೆತವರಿಗೂ ಸೀರೆ ಮರೆತಿರುವುದಿಲ್ಲ. ಸೀರೆಯಿಂದ ಮದುವೆ, ಮದುವೆಯಿಂದ ವರ್ಷ, ವರ್ಷದಿಂದ ಪಕ್ಕದಲ್ಲಿ ನಿಂತವರು ಯಾರು ಅನ್ನುವುದು ತಾನಾಗಿ ಬರುತ್ತದೆ.

ಅಕ್ಕತಂಗಿಯರನ್ನು ಒಟ್ಟಿಗೆ ಕೂರಿಸಿದರೆ ಒಬ್ಬರ ನೆನಪನ್ನು ಇನ್ನೊಬ್ಬರು ಎಬ್ಬಿಸುತ್ತಾರೆ. ಆದರೆ ಜೋರಾಗಿ ಮಾತಾಡುವವರ ಮುಂದೆ ಮೆತ್ತಗಿನವರು ಸುಮ್ಮನಾಗಿಬಿಡುತ್ತಾರೆ. ಮೊದಲು ಒಬ್ಬೊಬ್ಬರನ್ನೇ ಕೇಳಿ, ಆಮೇಲೆ ಒಟ್ಟಿಗೆ ಕೂರಿಸಿ. ಇಬ್ಬರು ಬೇರೆ ಬೇರೆ ಹೆಸರು ಹೇಳಿದರೆ ಎರಡನ್ನೂ ಬರೆದು, ಯಾರು ಯಾವುದನ್ನು ಹೇಳಿದರು ಅಂತ ಗುರುತಿಸಿ. ನೀವು ಅಲ್ಲೇ ತೀರ್ಪು ಕೊಡಬೇಡಿ.

ಕೆಲವು ಫೋಟೋಗಳ ಹಿಂದೆ ನೋವಿರುತ್ತದೆ. ಚಿಕ್ಕಂದಿನಲ್ಲೇ ತೀರಿಹೋದ ಮಗು, ಮೊದಲ ಹೆಂಡತಿ, ಮನೆ ಬಿಟ್ಟು ಹೋದ ಅಣ್ಣ. ಹೇಳಲು ಮನಸ್ಸಿಲ್ಲದಿದ್ದರೆ ಒತ್ತಾಯ ಮಾಡಬೇಡಿ. ಹೇಳಿದರೆ, ಹೆಸರನ್ನು ಮಾತ್ರ ಖಂಡಿತ ಬರೆಯಿರಿ. ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಆ ಮಗುವಿಗೂ ಒಂದು ಹೆಸರಿತ್ತು. ಅದು ಒಂದು ಕಡೆಯಾದರೂ ಬರಹದಲ್ಲಿ ಇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೂರು: ವರ್ಷ ಕಂಡುಹಿಡಿಯುವುದು

‘ಆಗ ನಾನು ಬಸುರಿ’, ‘ಎಮರ್ಜೆನ್ಸಿ ಟೈಮಲ್ಲಿ’, ‘ಗ್ರಹಣ ಆಯ್ತಲ್ಲ, ಆ ವರ್ಷ’. ನಮ್ಮ ಹಿರಿಯರು ಕಾಲ ಹೇಳುವುದು ಹೀಗೆ. ಇದೆಲ್ಲ ಒಳ್ಳೆಯ ಸುಳಿವು. ಎಮರ್ಜೆನ್ಸಿ ಅಂದರೆ 1975ರ ಜೂನ್‌ನಿಂದ 1977ರ ಮಾರ್ಚ್. ಕರ್ನಾಟಕದಲ್ಲಿ ಖಗ್ರಾಸ ಸೂರ್ಯಗ್ರಹಣ ಕಂಡಿದ್ದು 1980ರ ಫೆಬ್ರವರಿ 16ರಂದು. ಚಿಕ್ಕಮಗಳೂರಿಗೆ ಇಂದಿರಾ ಗಾಂಧಿ ಚುನಾವಣೆಗೆ ನಿಂತಿದ್ದು 1978ರಲ್ಲಿ. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಹೋದಾಗ ತೆಗೆಸಿದ ಫೋಟೋ ಅಂದರೆ 1967, 1981, 1993, 2006, 2018 ಇವುಗಳಲ್ಲಿ ಯಾವುದು ಅಂತ ನೋಡಿದರೆ ಆಯಿತು.

ಹಳೇ ಲಗ್ನಪತ್ರಿಕೆಯಲ್ಲಿ ಸಂವತ್ಸರದ ಹೆಸರಿರುತ್ತದೆ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಬರುವುದರಿಂದ ಗೊಂದಲ ಕಡಿಮೆ. ರಕ್ತಾಕ್ಷಿ ಸಂವತ್ಸರ ಅಂದರೆ 1984ರ ಯುಗಾದಿಯಿಂದ 1985ರ ಯುಗಾದಿಯವರೆಗೆ. ಅದರ ಹಿಂದಿನದು 1924-25. ಒಂದು ಕಡೆ ಮಾತ್ರ ಹುಷಾರಾಗಿರಬೇಕು. ರಕ್ತಾಕ್ಷಿಯ ಮಾಘ ಮಾಸದಲ್ಲಿ ಆದ ಮದುವೆ ಇಂಗ್ಲಿಷ್ ಲೆಕ್ಕದಲ್ಲಿ 1985ಕ್ಕೆ ಬೀಳುತ್ತದೆ, 1984ಕ್ಕಲ್ಲ.

ಫೋಟೋ ತಾನೇ ಹೇಳುವ ಸುಳಿವುಗಳೂ ಇವೆ. ಹಿಂದೆ ಸ್ಟುಡಿಯೊ ಸೀಲು ಇದೆಯಾ ನೋಡಿ. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ ಅದು 1972ರ ಆಗಸ್ಟ್‌ಗಿಂತ ಈಚಿನದು, ಪಿನ್‌ಕೋಡ್ ಶುರುವಾಗಿದ್ದೇ ಆಗ. ‘ಮೈಸೂರು ರಾಜ್ಯ’ ಅಂತ ಇದ್ದರೆ 1973ರ ನವೆಂಬರ್ 1ಕ್ಕಿಂತ ಹಿಂದಿನದು ಇರುವ ಸಾಧ್ಯತೆ ಜಾಸ್ತಿ. ಹಳೇ ಲೆಟರ್‌ಹೆಡ್, ಸೀಲು ಮುಗಿಯುವವರೆಗೂ ಬಳಸುತ್ತಿದ್ದರು, ಅಷ್ಟು ಅವಕಾಶ ಬಿಟ್ಟುಕೊಳ್ಳಿ. ಹಿಂದೆ ನಿಂತ ಸ್ಕೂಟರಿನ ನಂಬರ್ ಪ್ಲೇಟು ‘ಕೆಎ’ ಅಂತ ಶುರುವಾದರೆ ಅದು 1989ರ ನಂತರದ್ದು. ಫೋಟೋದ ಮೂಲೆಯಲ್ಲಿ ಕಿತ್ತಳೆ ಬಣ್ಣದಲ್ಲಿ ಮೂಡಿದ ತಾರೀಖನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಕ್ಯಾಮೆರಾದ ಬ್ಯಾಟರಿ ಬದಲಿಸಿದಾಗ ತಾರೀಖು ಸರಿಮಾಡದೆ ಹಾಗೇ ಬಿಟ್ಟವರು ಬಹಳ.

ವರ್ಷ ಖಚಿತ ಇಲ್ಲದಿದ್ದರೆ ‘ಸುಮಾರು 1978’ ಅಂತ ಬರೆಯಿರಿ. ಊಹೆಯನ್ನು ಸತ್ಯದ ಹಾಗೆ ಬರೆದರೆ ಮುಂದಿನವರು ಅದನ್ನೇ ನಂಬುತ್ತಾರೆ.

ನಾಲ್ಕು: ಏನು ಬರೆಯಬೇಕು

ನಮ್ಮಲ್ಲಿ ಹೆಸರಿನದ್ದೇ ಒಂದು ಕಷ್ಟ. ‘ದೊಡ್ಡಮ್ಮ, ಪುಟ್ಟ, ಮಾವ’ ಅಂತ ಬರೆದರೆ ಇವತ್ತು ಅರ್ಥವಾಗುತ್ತದೆ. ಮೂವತ್ತು ವರ್ಷ ಆದಮೇಲೆ ಯಾರ ದೊಡ್ಡಮ್ಮ? ಯಾವ ಪುಟ್ಟ? ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ಮನೆಗಳಲ್ಲಿ ಒಂದೇ ಹೆಸರಿನವರು ಮೂರು ತಲೆಮಾರಿನಲ್ಲೂ ಇರುತ್ತಾರೆ. ಉತ್ತರ ಕರ್ನಾಟಕದ, ಕರಾವಳಿಯ ಕೆಲವು ಸಮುದಾಯಗಳಲ್ಲಿ ಮದುವೆಯಲ್ಲಿ ಹೆಣ್ಣಿನ ಹೆಸರು ಬದಲಾಗುತ್ತಿತ್ತು. ಹಾಗಾಗಿ ತವರುಮನೆಯ ಫೋಟೋದಲ್ಲಿ ಒಂದು ಹೆಸರು, ಗಂಡನ ಮನೆಯ ಫೋಟೋದಲ್ಲಿ ಇನ್ನೊಂದು. ನೋಡುವವರಿಗೆ ಅವರು ಇಬ್ಬರು ಬೇರೆ ಹೆಂಗಸರು ಅನಿಸುತ್ತದೆ.

ಆದ್ದರಿಂದ ಒಬ್ಬೊಬ್ಬರಿಗೂ ಪೂರ್ತಿ ಹೆಸರು, ಮನೆಯಲ್ಲಿ ಕರೆಯುವ ಹೆಸರು, ಯಾರ ಮಗ ಅಥವಾ ಮಗಳು ಅನ್ನುವುದು ಬೇಕು. ಮದುವೆಯಾದ ಹೆಂಗಸರಿಗೆ ತವರಿನ ಹೆಸರು, ಊರು. ಮನೆತನದ ಹೆಸರು ಇದ್ದರೆ ಅದೂ ಇರಲಿ. ಸಂಬಂಧವನ್ನು ನಿಮ್ಮಿಂದ ಲೆಕ್ಕ ಹಾಕಬೇಡಿ. ‘ನನ್ನ ಸೋದರತ್ತೆ’ ಅನ್ನುವ ಬದಲು ‘ನರಸಿಂಹಯ್ಯನವರ ಎರಡನೇ ಮಗಳು’ ಅಂತ ಬರೆದರೆ ಯಾರು ಓದಿದರೂ ತಿಳಿಯುತ್ತದೆ.

ಒಂದು ಮಾದರಿ ನೋಡಿ, ಹೆಸರುಗಳು ಸುಮ್ನೆ ಉದಾಹರಣೆಗೆ (ಮೊದಲಿಗಿರುವುದು ಆಲ್ಬಮ್ ಮತ್ತು ಫೋಟೋದ ನಂಬರ್):

*2-14. ಸುಮಾರು ಫೆಬ್ರವರಿ 1985. ತೀರ್ಥಹಳ್ಳಿ ತಾಲ್ಲೂಕು, ಸುಬ್ಬಣ್ಣನವರ ಮನೆ ಅಂಗಳ. ಶಾರದಾಳ ಮದುವೆಯ ಮಾರನೇ ದಿನ. ನೋಡುವವರ ಎಡದಿಂದ: ಸೀತಮ್ಮ (ಸೀತಕ್ಕ, ಸುಬ್ಬಣ್ಣನವರ ಹೆಂಡತಿ, ತವರು ಶೃಂಗೇರಿ), ಶಾರದಾ (ಅವರ ಹಿರಿ ಮಗಳು), ತೊಡೆಯ ಮೇಲಿನ ಮಗು ಯಾರೋ ತಿಳಿಯದು. ಹೇಳಿದವರು ಶಾರದಾ, ಮೇ 2024.*

ಕೊನೆಯ ವಾಕ್ಯ ಮರೆಯಬೇಡಿ. ಯಾರು ಹೇಳಿದ್ದು, ಯಾವಾಗ ಹೇಳಿದ್ದು ಅನ್ನುವುದು ಇದ್ದರೆ ಮಾಹಿತಿಗೆ ತೂಕ ಬರುತ್ತದೆ. ‘ತಿಳಿಯದು’ ಅಂತ ಬರೆಯುವುದೂ ಮುಖ್ಯ. ಕೇಳಿ ನೋಡಿದ್ದಾರೆ, ಬರೆಯಲು ಮರೆತಿದ್ದಲ್ಲ ಅಂತ ಮುಂದಿನವರಿಗೆ ಗೊತ್ತಾಗುತ್ತದೆ.

ಊರಿನ ವಿಷಯದಲ್ಲಿ ‘ಹಳೇ ಮನೆ’ ಅಂತ ಬರೆದು ಬಿಡಬೇಡಿ. ಊರು ಮತ್ತು ತಾಲ್ಲೂಕು ಬರೆಯಿರಿ. ಜಿಲ್ಲೆಯ ಹೆಸರು ಬದಲಾಗಬಹುದು. 1997ರಲ್ಲಿ ಉಡುಪಿ, ದಾವಣಗೆರೆ, ಗದಗ, ಹಾವೇರಿ, ಕೊಪ್ಪಳ ಎಲ್ಲ ಹೊಸ ಜಿಲ್ಲೆಗಳಾದವು. ಮುಳುಗಡೆಯಾದ ಊರಿನವರು ಇದನ್ನು ಇನ್ನೂ ಜತನದಿಂದ ಮಾಡಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಕಣಿವೆಯ ಎಷ್ಟೋ ಹಳ್ಳಿಗಳು ನೀರಿನಡಿ ಹೋದವು. ಅಂಥ ಊರಿನ ಮನೆ, ತೋಟ, ಕಣ ಕಾಣುವ ಫೋಟೋ ನಿಮ್ಮ ಹತ್ತಿರ ಇದ್ದರೆ ಅದರಲ್ಲಿರುವ ಮರ, ಬಾವಿ, ದಾರಿ ಎಲ್ಲಕ್ಕೂ ಗುರುತು ಬರೆಸಿಕೊಳ್ಳಿ. ಹೋಗಿ ನೋಡಿ ಬರಲು ಆ ಜಾಗ ಈಗ ಇಲ್ಲ.

ಗುಂಪಿನ ಫೋಟೋಗೆ ಒಂದು ಸುಲಭ ದಾರಿ ಇದೆ. ಫೋಟೋದ ಮೇಲೆ ಬಟರ್ ಪೇಪರ್ ಮೆಲ್ಲಗೆ ಇಟ್ಟು ಒತ್ತಿ ಬರೆಯುವ ಬದಲು, ಫೋಟೋದ ಜೆರಾಕ್ಸ್ ತೆಗೆಸಿ. ಅದರ ಮೇಲೆ ಪ್ರತಿ ಮುಖಕ್ಕೂ ನಂಬರ್ ಹಾಕಿ ಕೆಳಗೆ ಹೆಸರು ಬರೆಯಿರಿ. ಆ ಜೆರಾಕ್ಸನ್ನು ನೀವು ವಿವರ ಬರೆದಿಡುವ ನೋಟ್‌ಬುಕ್‌ಗೆ ಅಂಟಿಸಿಕೊಳ್ಳಿ. ಶಾಲೆ, ಕಾಲೇಜಿನ ಗ್ರೂಪ್ ಫೋಟೋಗಳಲ್ಲಿ ಕೆಳಗಿನ ರಟ್ಟಿನ ಮೇಲೆ ಹೆಸರುಗಳನ್ನು ಅಚ್ಚು ಹಾಕಿಸಿರುತ್ತಾರೆ. ಫ್ರೇಮಿಗೆ ಹಿಡಿಸುವುದಿಲ್ಲ ಅಂತ ಆ ಪಟ್ಟಿಯನ್ನು ಕತ್ತರಿಸಲು ಯಾರಿಗೂ ಬಿಡಬೇಡಿ.

ಮಕ್ಕಳು, ಮೊಮ್ಮಕ್ಕಳು ಅಮೆರಿಕದಲ್ಲೋ ದುಬೈನಲ್ಲೋ ಬೆಳೆಯುತ್ತಿದ್ದರೆ ಅವರಿಗೆ ಕನ್ನಡ ಓದಲು ಬರುತ್ತದೆ ಅಂತ ಹೇಳಲಾಗದು. ವಿವರ ಕನ್ನಡದಲ್ಲಿರಲಿ, ಹೆಸರು ಮತ್ತು ವರ್ಷ ಇಂಗ್ಲಿಷ್ ಅಕ್ಷರದಲ್ಲೂ ಇರಲಿ.

ಐದು: ಯಾವುದರಿಂದ, ಎಲ್ಲಿ ಬರೆಯಬೇಕು

ಮೊದಲು ಫೋಟೋದ ಬೆನ್ನು ಮುಟ್ಟಿ ನೋಡಿ. ಹಳೇ ಕಪ್ಪು-ಬಿಳುಪು ಪ್ರಿಂಟಿನ ಬೆನ್ನು ಮಾಮೂಲಿ ಕಾಗದದ ಹಾಗೆ ಇರುತ್ತದೆ. ಅದಕ್ಕೆ ಮೆತ್ತನೆಯ ಪೆನ್ಸಿಲ್ ಎಲ್ಲಕ್ಕಿಂತ ಒಳ್ಳೆಯದು. ಅಪ್ಸರಾ ಅಥವಾ ಕ್ಯಾಮ್ಲಿನ್‌ನ ಡ್ರಾಯಿಂಗ್ ಪೆನ್ಸಿಲ್ 2ಬಿ, 4ಬಿ ಯಾವುದೇ ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತದೆ. ಪೆನ್ಸಿಲ್ ಗೆರೆ ಬಣ್ಣಗೆಡುವುದಿಲ್ಲ, ನೀರಿಗೆ ಹರಡುವುದಿಲ್ಲ, ತಪ್ಪಾದರೆ ಅಳಿಸಬಹುದು.

ಈಚಿನ ಕಲರ್ ಪ್ರಿಂಟುಗಳ ಬೆನ್ನಿಗೆ ಪ್ಲಾಸ್ಟಿಕ್ ಪದರ ಇರುತ್ತದೆ. ಪೆನ್ಸಿಲ್ ಜಾರುತ್ತದೆ. ಇದಕ್ಕೆ ಪಿಗ್ಮೆಂಟ್ ಇಂಕಿನ ಸಣ್ಣ ಪೆನ್ನು ಬೇಕು. ಚಿತ್ರ ಬರೆಯುವವರು ಬಳಸುವ ಸಕುರಾ ಕಂಪನಿಯ ಪಿಗ್ಮಾ ಮೈಕ್ರಾನ್ ಅಂಥದ್ದು. ಬರೆದ ಮೇಲೆ ಚೆನ್ನಾಗಿ ಒಣಗಲು ಬಿಡಿ. ಒಂದರ ಮೇಲೊಂದು ಪೇರಿಸಿದರೆ ಮೇಲಿನ ಫೋಟೋದ ಬರಹ ಕೆಳಗಿನ ಮುಖಕ್ಕೆ ಅಂಟುತ್ತದೆ. ಒಂದು ಬೇಡದ ಪ್ರಿಂಟಿನ ಮೇಲೆ ಬರೆದು, ಉಜ್ಜಿ ನೋಡಿ, ಆಮೇಲೆ ಶುರುಮಾಡಿ.

ಬಾಲ್ ಪೆನ್ ಬೇಡ. ಒತ್ತಿ ಬರೆದ ಗೆರೆ ಮುಂದೆ ಮುಖದ ಮೇಲೆ ಉಬ್ಬಿ ಕಾಣುತ್ತದೆ, ಶಾಯಿ ಬರುಬರುತ್ತಾ ಇಂಗಿ ಹರಡುತ್ತದೆ. ಜೆಲ್ ಪೆನ್, ಸ್ಕೆಚ್ ಪೆನ್ನುಗಳ ಶಾಯಿ ತೇವಕ್ಕೆ ಕರಗುತ್ತದೆ. ಸೆಲ್ಲೋ ಟೇಪು, ಗೋಂದು, ಹಳದಿ ಅಂಟುಚೀಟಿ, ರಬ್ಬರ್ ಬ್ಯಾಂಡು, ಗುಂಡುಪಿನ್ನು ಯಾವುದೂ ಫೋಟೋ ಹತ್ತಿರ ಬರಬಾರದು.

ಶುಭ್ರವಾದ ಹತ್ತಿ ಬಟ್ಟೆಯ ಮೇಲೆ ಫೋಟೋ ಬೋರಲು ಹಾಕಿ, ಅಂಚಿನ ಹತ್ತಿರ ಸಣ್ಣಗೆ ಬರೆಯಿರಿ. ಬೆನ್ನಿನ ಮೇಲೆ ಹೆಚ್ಚು ಬರೆಯುವ ಅಗತ್ಯವಿಲ್ಲ. ನಂಬರು, ವರ್ಷ, ಮುಖ್ಯ ಹೆಸರುಗಳು ಸಾಕು. ಉಳಿದದ್ದಕ್ಕೆ ಗಟ್ಟಿ ರಟ್ಟಿನ ಉದ್ದ ನೋಟ್‌ಬುಕ್ ಇಡಿ. 2-14 ಅಂದರೆ ಎರಡನೇ ಆಲ್ಬಮ್, ಹದಿನಾಲ್ಕನೇ ಫೋಟೋ. ಅದೇ ನಂಬರಿನಲ್ಲಿ ಪುಸ್ತಕದಲ್ಲಿ ಎಷ್ಟು ಬೇಕೋ ಅಷ್ಟು ಬರೆಯಬಹುದು.

ಆರು: ಹಳೆಯದನ್ನು ಸ್ಕ್ಯಾನ್ ಮಾಡುವುದು

ಮೊದಲು ಕಲರ್ ಫೋಟೋಗಳನ್ನು ಮಾಡಿ. ಇದು ಹಲವರಿಗೆ ವಿಚಿತ್ರ ಅನಿಸುತ್ತದೆ, ಹಳೆಯದು ಕಪ್ಪು-ಬಿಳುಪಿನದಲ್ವಾ ಅಂತ. ಕಪ್ಪು-ಬಿಳುಪು ಚಿತ್ರ ನಿಂತಿರುವುದು ಬೆಳ್ಳಿಯ ಕಣಗಳ ಮೇಲೆ. ಕಲರ್ ಚಿತ್ರ ನಿಂತಿರುವುದು ಬಣ್ಣದ ಡೈ ಮೇಲೆ, ಅದು ಕತ್ತಲಲ್ಲಿಟ್ಟರೂ ಮಾಸುತ್ತದೆ. ಎಪ್ಪತ್ತು, ಎಂಬತ್ತರ ದಶಕದ ಮದುವೆ ಆಲ್ಬಮ್‌ಗಳು ಕೆಂಪಾಗಿ ಕಾಣುವುದು ಇದಕ್ಕೇ.

ಚಪ್ಪಟೆ ಸ್ಕ್ಯಾನರ್ ಸಿಕ್ಕರೆ 4×6 ಇಂಚಿನದಕ್ಕೆ 600 ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ ಅನ್ನುವ ಲೆಕ್ಕ), ಪಾಸ್‌ಪೋರ್ಟ್ ಅಳತೆಯ ಚಿಕ್ಕದಕ್ಕೆ 1200 ಡಿಪಿಐ ಇಡಿ. ಸ್ಕ್ಯಾನರ್ ಇಲ್ಲದಿದ್ದರೆ ಮೊಬೈಲೇ ಸಾಕು. ಕಿಟಕಿ ಪಕ್ಕ, ನೇರ ಬಿಸಿಲಿಲ್ಲದ ಕಡೆ ಫೋಟೋ ಇಟ್ಟು, ಫ್ಲ್ಯಾಶ್ ಆಫ್ ಮಾಡಿ, ಮೇಲಿನಿಂದ ನೇರವಾಗಿ ತೆಗೆಯಿರಿ. ಗ್ಲಾಸಿ ಫೋಟೋದ ಹೊಳಪು ಅಡ್ಡ ಬಂದರೆ ಗೂಗಲ್‌ನ ಫೋಟೋಸ್ಕ್ಯಾನ್ ಆ್ಯಪ್ ಹಲವು ಕೋನದಿಂದ ತೆಗೆದು ಹೊಳಪನ್ನು ಕಡಿಮೆ ಮಾಡುತ್ತದೆ. ಬೆನ್ನಿನಲ್ಲಿ ಬರಹ ಇದ್ದರೆ ಬೆನ್ನನ್ನೂ ತೆಗೆಯಿರಿ.

ಅಂಟು ಪುಟದ ಹಳೇ ಆಲ್ಬಮ್‌ಗಳು, ಮೇಲೆ ಪಾರದರ್ಶಕ ಹಾಳೆ ಮುಚ್ಚುವಂಥವು, ಫೋಟೋಗೆ ದೊಡ್ಡ ಶತ್ರು. ಆ ಅಂಟು ಹಳದಿಯಾಗಿ ಫೋಟೋವನ್ನು ತಿನ್ನುತ್ತದೆ. ಮೊದಲು ಪುಟವನ್ನು ಇದ್ದ ಹಾಗೇ ಫೋಟೋ ತೆಗೆದುಕೊಳ್ಳಿ. ಆಮೇಲೆ ಹಲ್ಲಿನ ಸಂದಿ ತಿಕ್ಕುವ ಫ್ಲಾಸ್ ದಾರವನ್ನು ಫೋಟೋದ ಅಡಿಯಲ್ಲಿ ಗರಗಸದ ಹಾಗೆ ಮೆಲ್ಲಗೆ ಎಳೆಯಿರಿ. ಬರದಿದ್ದರೆ ಎಳೆದಾಡಬೇಡಿ, ಬಿಡಿ. ಫ್ರೇಮಿನ ಗಾಜಿಗೆ ಅಂಟಿಕೊಂಡ ಫೋಟೋವನ್ನೂ ಕೀಳಬಾರದು. ಗಾಜಿನ ಸಮೇತ ಸ್ಕ್ಯಾನ್ ಮಾಡಿ.

ಫೈಲಿಗೆ ಹೆಸರಿಡುವಾಗ ವರ್ಷ ಮೊದಲು ಬರಲಿ: ‘1985-02 ತೀರ್ಥಹಳ್ಳಿ ಶಾರದಾ ಮದುವೆ 2-14’. ಆಗ ಎಲ್ಲ ತಾನಾಗಿ ಸಾಲಾಗಿ ನಿಲ್ಲುತ್ತವೆ. ಗೂಗಲ್ ಫೋಟೋಸ್‌ನಲ್ಲಿ ನೀವು ಟೈಪ್ ಮಾಡುವ ವಿವರ ಚಿತ್ರದ ಫೈಲಿನ ಒಳಗೆ ಸೇರುವುದಿಲ್ಲ. ಡೌನ್‌ಲೋಡ್ ಮಾಡಿದಾಗ ಅದು ಚಿತ್ರದ ಜೊತೆಗೆ ಬರದೇ ಇರಬಹುದು. ಹೆಸರು ಫೈಲಿನ ಹೆಸರಲ್ಲೂ ಪುಸ್ತಕದಲ್ಲೂ ಇದ್ದರೆ ಈ ಭಯ ಇಲ್ಲ.

ಏಳು: ಮೊಬೈಲಿನದ್ದನ್ನು ಪ್ರಿಂಟ್ ಹಾಕಿಸುವುದು

ಹಳೆಯದಕ್ಕಿಂತ ಹೊಸದೇ ಜಾಸ್ತಿ ಅಪಾಯದಲ್ಲಿದೆ. ಟ್ರಂಕಿನಲ್ಲಿ ಮರೆತ ಫೋಟೋ ನಲವತ್ತು ವರ್ಷ ಆದಮೇಲೂ ಸಿಗುತ್ತದೆ. ಪಾಸ್‌ವರ್ಡ್ ಮರೆತ ಖಾತೆಯದ್ದು ಸಿಗುವುದಿಲ್ಲ. ಗೂಗಲ್ ಫೋಟೋಸ್‌ನಲ್ಲಿ ಲೆಕ್ಕವಿಲ್ಲದೆ ಉಚಿತವಾಗಿ ಇಡುವ ಸೌಲಭ್ಯ 2021ರ ಜೂನ್ 1ಕ್ಕೆ ಮುಗಿಯಿತು. ಎರಡು ವರ್ಷ ಬಳಸದೇ ಬಿಟ್ಟ ಗೂಗಲ್ ಖಾತೆಯನ್ನು ಕಂಪನಿ ಅಳಿಸಬಹುದು ಅನ್ನುವ ನಿಯಮವೂ ಬಂದಿದೆ. ತೀರಿಹೋದ ಅಪ್ಪನ ಮೊಬೈಲು ಡ್ರಾಯರಿನಲ್ಲಿ ಸುಮ್ನೆ ಬಿದ್ದಿದ್ದರೆ, ದಯವಿಟ್ಟು ಇವತ್ತೇ ಅದರ ಫೋಟೋಗಳನ್ನು ಇಳಿಸಿಕೊಳ್ಳಿ.

ಎಲ್ಲವನ್ನೂ ಪ್ರಿಂಟ್ ಹಾಕಿಸಬೇಕಿಲ್ಲ. ಪ್ರತಿ ತಿಂಗಳ ಕೊನೆಗೆ ಐದಾರು ಆರಿಸಿ ಒಂದು ಫೋಲ್ಡರಿಗೆ ಹಾಕಿ. ವರ್ಷದ ಕೊನೆಗೆ ಅರವತ್ತು, ಎಪ್ಪತ್ತು ಆಗುತ್ತವೆ, ಒಂದು ಆಲ್ಬಮ್‌ಗೆ ಅಷ್ಟು ಸಾಕು. ಆರಿಸುವಾಗ ಸಾಲಾಗಿ ನಿಂತು ನಕ್ಕ ಫೋಟೋಗಳನ್ನೇ ತುಂಬಬೇಡಿ. ಅಮ್ಮ ಹಪ್ಪಳ ಒಣಹಾಕುತ್ತಿರುವುದು, ಅಡುಗೆಮನೆಯ ಕಟ್ಟೆ, ಅಪ್ಪ ಪೇಪರ್ ಓದುವ ಕುರ್ಚಿ, ಬೀದಿಯ ಮೂಲೆಯ ಅಂಗಡಿ. ಮೊದಲು ಬದಲಾಗಿಹೋಗುವುದು ಇವೇ. ಯಾವಾಗಲೂ ಫೋಟೋ ಹಿಡಿಯುವವರು ಆಲ್ಬಮ್‌ನಲ್ಲಿ ಕಾಣುವುದೇ ಇಲ್ಲ. ಅವರದ್ದೂ ಇದೆಯಾ ಅಂತ ನೋಡಿಕೊಳ್ಳಿ.

ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೋ ಪ್ರಿಂಟಿಗೆ ಕೊಡುವ ಮೊದಲು ಯೋಚಿಸಿ. ಮಾಮೂಲಿಯಾಗಿ ಕಳಿಸಿದ್ದು ಉದ್ದದ ಬದಿಗೆ ಸುಮಾರು 1600 ಪಿಕ್ಸೆಲ್‌ಗೆ ಕುಗ್ಗಿರುತ್ತದೆ. 4×6 ಇಂಚಿಗೆ ಚೆನ್ನಾಗಿ ಬರಲು 1200×1800 ಪಿಕ್ಸೆಲ್ ಬೇಕು. ಅಂದರೆ ಚಿಕ್ಕ ಪ್ರಿಂಟಿಗೆ ಹೇಗೋ ನಡೆಯುತ್ತದೆ, 8×12 ಹಾಕಿಸಿದರೆ ಮಸುಕಾಗುತ್ತದೆ. 8×12ಕ್ಕೆ 2400×3600 ಇದ್ದರೆ ಒಳ್ಳೆಯದು. ತೆಗೆದವರಿಗೆ ಹೇಳಿ, ಅದನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಲಿ. ಆಗ ಅಸಲು ಹಾಗೇ ಬರುತ್ತದೆ. ಇನ್ನೊಂದು ವಿಷಯ, ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಫೋಟೋ ತೆಗೆದ ತಾರೀಖು ಅಳಿಸಿಹೋಗುತ್ತದೆ. ಫೈಲಿನ ಹೆಸರಿನಲ್ಲಿ ಕಾಣುವುದು ತೆಗೆದ ದಿನ ಅಲ್ಲ.

ಸ್ಟುಡಿಯೊದಲ್ಲಿ ಮೂರು ವಿಷಯ ಕೇಳಿ. ಮೊದಲನೆಯದು ಕಾಗದ. ಕಲರ್ ಲ್ಯಾಬಿನಲ್ಲಿ ಫೋಟೋ ಪೇಪರ್ ಮೇಲೆ ತೊಳೆದು ತೆಗೆಯುವ ಪ್ರಿಂಟ್ ಬೇಕು ಅಂತ ಹೇಳಿ. ಜೆರಾಕ್ಸ್ ಅಂಗಡಿಯ ಕಲರ್ ಪ್ರಿಂಟ್ ಬೇಡ. ಎರಡನೆಯದು ಕತ್ತರಿಸುವಿಕೆ. ಮೊಬೈಲ್ ಫೋಟೋ 4:3 ಆಕಾರದಲ್ಲಿರುತ್ತದೆ, 4×6 ಕಾಗದ ಅದಕ್ಕಿಂತ ಉದ್ದ. ಹಾಗೇ ಕೊಟ್ಟರೆ ಅಂಚು ಕತ್ತರಿಸಿ, ಹಿಂದೆ ನಿಂತವರ ತಲೆ ಹೋಗುತ್ತದೆ. ನೀವೇ 3:2ಕ್ಕೆ ಕ್ರಾಪ್ ಮಾಡಿ ಒಯ್ಯಿರಿ, ಇಲ್ಲವೇ ಬಿಳಿ ಅಂಚು ಬಿಟ್ಟು ಪೂರ್ತಿ ಚಿತ್ರ ಹಾಕಲು ಹೇಳಿ. ಮೂರನೆಯದು ಫಿನಿಶ್. ಕೈಯಿಂದ ಕೈಗೆ ಹೋಗುವ ಆಲ್ಬಮ್‌ಗೂ ಗೋಡೆಯ ಫ್ರೇಮಿಗೂ ನಾನು ಹೊಳಪಿಲ್ಲದ ಮ್ಯಾಟ್ ಹಾಕಿಸುತ್ತೇನೆ. ಬೆರಳಚ್ಚು ಕಾಣುವುದಿಲ್ಲ, ಮಳೆಗಾಲದಲ್ಲಿ ಗ್ಲಾಸಿಯಷ್ಟು ಬೇಗ ಗಾಜಿಗೆ ಅಂಟುವುದಿಲ್ಲ. ಮುಖಕ್ಕೆ ಬಿಳಿ ಬಳಿಯುವ ‘ಬ್ಯೂಟಿ’ ತಿದ್ದುಪಡಿ ಬೇಡ ಅಂತ ಮೊದಲೇ ಹೇಳಿಬಿಡಿ. ಅಜ್ಜಿಯ ಸುಕ್ಕು ಅಜ್ಜಿಯದ್ದೇ, ಅದು ಇರಲಿ.

ಪ್ರಿಂಟ್ ಮನೆಗೆ ಬಂದ ದಿನವೇ ಹಿಂದೆ ಬರೆಯಿರಿ. ನಾಳೆ ಬರೆಯೋಣ ಅಂತ ಇಟ್ಟದ್ದು ಹಾಗೇ ಉಳಿಯುತ್ತದೆ.

ಎಂಟು: ಮಳೆ, ಹುಳ ಮತ್ತು ಕುಂಕುಮದಿಂದ ಕಾಪಾಡುವುದು

ಮಲೆನಾಡು, ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಷ್ಟು ಬರುತ್ತದೆ, ಫೋಟೋ ಬಿಟ್ಟೀತೇ? ಫೋಟೋದ ಮೇಲ್ಪದರ ಜೆಲಾಟಿನ್. ತೇವ ಇದ್ದರೆ ಬೂಷ್ಟಿಗೂ ಹುಳಕ್ಕೂ ಅದು ಆಹಾರ. ಅಟ್ಟದಲ್ಲಿ ಬೇಸಿಗೆಯ ಕಾವು, ನೆಲದ ಹತ್ತಿರ ಗೆದ್ದಲು. ಸ್ಟೀಲ್ ಬೀರುವಿನ ನಡುವಿನ ಅಂಕಣ ಒಳ್ಳೆಯ ಜಾಗ. ಆ ಬೀರು ಬಚ್ಚಲಿನ ಗೋಡೆಗಾಗಲಿ, ಮಳೆ ಹೊಡೆಯುವ ಹೊರಗೋಡೆಗಾಗಲಿ ತಾಗಿರಬಾರದು.

ಆಲ್ಬಮ್ ಕೊಳ್ಳುವಾಗ ಪಿವಿಸಿ ಹಾಳೆಯದ್ದು ಬೇಡ. ಮೂಸಿದರೆ ಹೊಸ ಪ್ಲಾಸ್ಟಿಕ್ಕಿನ ಘಾಟು ಬರುತ್ತದಲ್ಲ, ಅಂಥದ್ದು. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಜೇಬುಗಳದ್ದು ತಗೊಳ್ಳಿ. ಗಾಳಿಯಾಡದ ಡಬ್ಬಿಯಲ್ಲಿ ಇಡುವುದಾದರೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಫೋಟೋಗೆ ತಾಗದ ಹಾಗೆ. ತೇವ ಹೀರಿ ತುಂಬಿದ ಮೇಲೆ ಅದು ಕೆಲಸ ಮಾಡುವುದಿಲ್ಲ, ಪ್ರತಿ ಮಳೆಗಾಲಕ್ಕೂ ಬದಲಿಸಬೇಕು. ನುಸಿಗುಳಿಗೆ ಹಾಕಬೇಡಿ. ದಿನಪತ್ರಿಕೆಯಲ್ಲಿ ಸುತ್ತಬೇಡಿ, ಅದರ ಆಮ್ಲ ಫೋಟೋಗೆ ಇಳಿಯುತ್ತದೆ.

ತೀರಿಹೋದ ಹಿರಿಯರ ಫೋಟೋಗೆ ಗಂಧ, ಕುಂಕುಮ, ಹಸಿ ಹೂವಿನ ಹಾರ, ಊದುಬತ್ತಿ. ಇದು ನಮ್ಮ ಮನೆಗಳ ಪ್ರೀತಿ, ಬಿಡಬೇಕಾಗಿಲ್ಲ. ಆದರೆ ಗಂಧದ ನೀರು, ಹಾರದ ತೇವ ಗಾಜಿನ ಅಂಚಿನಿಂದ ಒಳಗಿಳಿಯುತ್ತದೆ, ಹೊಗೆ ಕಟ್ಟುತ್ತದೆ. ಮನೆಯಲ್ಲಿರುವುದು ಆ ಒಂದೇ ಫೋಟೋ ಆಗಿದ್ದರೆ ಸ್ಕ್ಯಾನ್ ಮಾಡಿಸಿ, ಪ್ರತಿಯನ್ನು ಗೋಡೆಗೆ ಹಾಕಿ ಪೂಜೆ ಮಾಡಿ, ಅಸಲನ್ನು ಬೀರುವಿನಲ್ಲಿಡಿ. ಫ್ರೇಮ್ ಅಂಗಡಿಗೂ ಪ್ರತಿಯನ್ನೇ ಕೊಡಿ. ಅಲ್ಲಿ ಅಳತೆಗೆ ಹೊಂದಿಸಲು ಅಂಚು ಕತ್ತರಿಸುತ್ತಾರೆ, ರಟ್ಟಿಗೆ ಅಂಟಿಸುತ್ತಾರೆ. ಬೆನ್ನಿನ ಬರಹ ಅಲ್ಲಿಗೆ ಮುಗಿಯಿತು.

2018ರಲ್ಲಿ ಕೊಡಗಿನಲ್ಲಿ, 2019ರಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ನೀರು ನುಗ್ಗಿದ ಹಾಗೆ ಎಲ್ಲಾದರೂ ಆಗಿ ಫೋಟೋ ನೆನೆದರೆ ಕೈಬಿಡಬೇಡಿ. ಒದ್ದೆ ಇರುವಾಗಲೇ ಒಂದೊಂದಾಗಿ ಬಿಡಿಸಿ. ಅಂಟಿಕೊಂಡೇ ಒಣಗಿದರೆ ಆಮೇಲೆ ಬಿಡುವುದಿಲ್ಲ. ಮುಖ ಮುಟ್ಟದೆ, ಶುದ್ಧ ತಣ್ಣೀರಿನಲ್ಲಿ ಅದ್ದಿ ಕೆಸರು ತೆಗೆಯಿರಿ. ಹತ್ತಿ ಬಟ್ಟೆಯ ಮೇಲೆ ಮುಖ ಮೇಲಾಗಿ ಹರಡಿ, ನೆರಳಿನಲ್ಲಿ ಒಣಗಿಸಿ. ಬಿಸಿಲಿಗೆ ಹಾಕಿದರೆ ಸುರುಟುತ್ತದೆ. ಒಂದೆರಡು ದಿನದಲ್ಲಿ ಅಷ್ಟನ್ನೂ ಒಣಗಿಸಲು ಆಗದಿದ್ದರೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಫ್ರೀಜರಿನಲ್ಲಿಟ್ಟು, ಬಿಡುವಾದಾಗ ಸ್ವಲ್ಪ ಸ್ವಲ್ಪವೇ ತೆಗೆದು ಒಣಗಿಸಿ.

ಒಂಬತ್ತು: ಹಂಚಿಡುವುದು

ಒಂದೇ ಮನೆಯಲ್ಲಿರುವುದು ಒಂದೇ ಬೆಂಕಿಗೆ, ಒಂದೇ ನೆರೆಗೆ ಹೋಗುತ್ತದೆ. ಸ್ಕ್ಯಾನ್ ಮಾಡಿದ್ದನ್ನು ಒಂದು ಹಾರ್ಡ್ ಡಿಸ್ಕಿಗೆ, ಒಂದು ಆನ್‌ಲೈನ್ ಖಾತೆಗೆ ಹಾಕಿ, ಇನ್ನೊಂದು ಪ್ರತಿಯನ್ನು ಬೇರೆ ಊರಿನಲ್ಲಿರುವ ತಮ್ಮನಿಗೋ ತಂಗಿಗೋ ಕೊಡಿ. ವರ್ಷಕ್ಕೊಮ್ಮೆ ಡಿಸ್ಕ್ ತೆರೆದು ನೋಡಬೇಕು. ನೋಟ್‌ಬುಕ್‌ನ ಪುಟಗಳನ್ನೂ ಫೋಟೋ ತೆಗೆದು ಅದರ ಜೊತೆಗೇ ಸೇರಿಸಿ. ಚಿತ್ರ ಮಾತ್ರ ಹೋಗಿ ಹೆಸರು ಇಲ್ಲೇ ಉಳಿದರೆ ಇಷ್ಟು ಮಾಡಿದ್ದು ಪ್ರಯೋಜನವಿಲ್ಲ. ಬೇರೆಯವರ ಮಕ್ಕಳಿರುವ ಫೋಟೋ, ಊರು, ಹುಟ್ಟಿದ ದಿನದ ವಿವರ ಎಲ್ಲ ಸಾರ್ವಜನಿಕವಾಗಿ ಹಾಕಬೇಡಿ. ಮನೆಯವರ ಗುಂಪಿನಲ್ಲೇ ಇರಲಿ.

ಹಿರಿಯರಿಗೆ ಮಾತ್ರ ಲಿಂಕ್ ಕಳಿಸಬೇಡಿ. ಹತ್ತಿಪ್ಪತ್ತು ಫೋಟೋ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕೆಳಗೆ ದಪ್ಪ ಅಕ್ಷರದಲ್ಲಿ ಹೆಸರು ಬರೆದು, ಚಿಕ್ಕ ಆಲ್ಬಮ್ ಮಾಡಿ ಕೈಗೆ ಕೊಡಿ. ಅದನ್ನು ನೋಡುತ್ತಾ ಕೂತಾಗ ಮೊದಲ ಸಲ ಹೇಳದೇ ಬಿಟ್ಟ ಹೆಸರುಗಳು ಮತ್ತೆ ಬರುತ್ತವೆ. ಪಕ್ಕದಲ್ಲಿ ಒಂದು ಪೆನ್ಸಿಲ್ ಇಟ್ಟಿರಿ. ನೋಟ್‌ಬುಕ್‌ನ ಕೊನೆಯ ಪುಟದಲ್ಲಿ ಯಾವ ಅಸಲು ಯಾರ ಮನೆಯಲ್ಲಿದೆ, ಡಿಸ್ಕ್ ಎಲ್ಲಿದೆ, ಖಾತೆಗೆ ಹೋಗುವುದು ಹೇಗೆ ಅಂತ ಯಾರನ್ನು ಕೇಳಬೇಕು ಅನ್ನುವುದನ್ನು ಬರೆದು, ಆ ಪುಟ ಎಲ್ಲಿದೆ ಅಂತ ಮನೆಯಲ್ಲಿ ಇಬ್ಬರಿಗಾದರೂ ಹೇಳಿಡಿ.